ಸಿಸ್ಟರ್ ಬಾಯಿ ಜೋರು

ಆಸ್ಪತ್ರೆಗೆ ಬಂದವರು ಗಾಬರಿಯಾಗುವುದು ಎಲ್ಲ ಕಡೆ ಇದ್ದದ್ದೇ. ನಾನು ನರ್ಸ್ ಆಗಿರುವ ದಾವಣಗೆರೆಯ ಆಸ್ಪತ್ರೆಯಲ್ಲಿ ಮಾತ್ರ ಬಂದವರು ಆರಾಮಾಗಿರುತ್ತಾರೆ, ಗಾಬರಿಯಾಗುವ ಪಾಳಿ ನನ್ನದು. ಕೆಲಸಕ್ಕೆ ಸೇರಿದಾಗಿನಿಂದ ನನಗಿದ್ದದ್ದು ಒಂದೇ ಆಸೆ, ಒಂದು ವಾರ್ಡಿಗೆ ಇನ್‌ಚಾರ್ಜ್ ಆಗಬೇಕು. ಹರಿಹರದ ನಮ್ಮ ಮನೆಗೆ ಬರುತ್ತಿದ್ದ ಗಂಡಿನ ಕಡೆಯವರದ್ದೂ ಒಂದೇ ಮಾತು, ಮದುವೆಯಾದ ಮೇಲೆ ಹುಡುಗಿ ಕೆಲಸ ಬಿಡಬೇಕು. ಅದನ್ನು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ಅಪ್ಪ ನೋಡೋಣ ನೋಡೋಣ ಎಂದು ಸಾಗಹಾಕುತ್ತಿದ್ದರು.

ಖಾಲಿ ಹೊಟ್ಟೆ

ಆಗ ನಾನಿನ್ನೂ ಹೊಸಬಳು. ಆವರಗೆರೆಯ ಒಬ್ಬರಿಗೆ ಬೆಳಿಗ್ಗೆ ಹರ್ನಿಯಾ ಆಪರೇಷನ್ ಇತ್ತು. ಏನೂ ತಿನ್ನಬಾರದು, ನೀರೂ ಕುಡಿಯಬಾರದು ಎಂದು ಹಿಂದಿನ ಸಂಜೆಯೇ ಹೇಳಿದ್ದೆ. ಬೆಳಿಗ್ಗೆ ಕೇಳಿದರೆ ಗಂಡ ಹೆಂಡತಿ ಇಬ್ಬರೂ ಏನೂ ತಿಂದಿಲ್ಲ ಎಂದರು. ಥಿಯೇಟರ್ ಬಟ್ಟೆ ಹಾಕಿಸಲು ಅಂಗಿ ಬಿಚ್ಚಿಸಿದೆ. ಅಂಗಿಯಿಂದ ಮಂಡಕ್ಕಿ ಉದುರಿತು. ನಾನು ಹೌಹಾರಿಬಿಟ್ಟೆ. ಹೆಂಡತಿಗೆ ಮಾತ್ರ ಏನೂ ಅನ್ನಿಸಲಿಲ್ಲ.

"ಮಂಡಕ್ಕಿ ಏನ್ ಊಟನೇನ್ರಿ? ಖಾಲಿ ಹೊಟ್ಟೇಲಿ ಒಳಗೆ ಕಳಿಸಬಾರ್ದು ಅಂತ ಎರಡು ಮಿರ್ಚಿ ಜೊತೆಗೆ ಕೊಟ್ಟೆ."

ಆಪರೇಷನ್ ಮರುದಿನಕ್ಕೆ ಹೋಯಿತು, ಡಾಕ್ಟರ ಬೈಗುಳ ನನ್ನ ಪಾಲಿಗೆ ಬಂತು. ಮರುದಿನ ಆ ಗಂಡ ಹೆಂಡತಿಯ ಮುಂದೆ ನಿಂತು ಮಂಡಕ್ಕಿ, ಮಿರ್ಚಿ, ದೋಸೆ, ಇಡ್ಲಿ, ಚಹಾ, ಬಿಸ್ಕತ್ತು ಎಂದು ಒಂದೊಂದನ್ನೇ ಹೆಸರು ಹಿಡಿದು ಕೇಳಿದೆ. ಎಲ್ಲದಕ್ಕೂ ಇಲ್ಲ ಎಂದರು. ಹೋದ ಜೀವ ಬಂದಂತಾಯಿತು. ಅಷ್ಟರಲ್ಲಿ ಮಂಚದ ಕೆಳಗೆ ಬಾಳೆಹಣ್ಣಿನ ಸಿಪ್ಪೆ ಕಂಡಿತು.

"ಅದನ್ನ ನೀವು ಕೇಳ್ಲೇ ಇಲ್ಲಲ್ರಿ" ಎಂದರು ಹೆಂಡತಿ.

ನೋಡಲು ಬಂದವರು

ಅವತ್ತಿನಿಂದ ನಾನು ರೋಗಿಗಳ ಮಾತನ್ನು ನಂಬುವುದು ಬಿಟ್ಟು, ಅವರ ಚೀಲ, ದಿಂಬು ತಡಕುವುದನ್ನು ಕಲಿತೆ. ಆದರೆ ಮಂಚದ ಮೇಲಿರುವ ಮನುಷ್ಯನನ್ನೂ ನಂಬಬಾರದು ಎಂದು ಆಗ ಗೊತ್ತಿರಲಿಲ್ಲ.

ಭಾನುವಳ್ಳಿಯ ಹಿರಿಯರೊಬ್ಬರು ಅಡ್ಮಿಟ್ ಆಗಿದ್ದರು. ಅವರನ್ನು ನೋಡಲು ಒಂದು ಟೆಂಪೊ ತುಂಬ ಜನ ಬಂದಿದ್ದರು. ಗದ್ದಲದಲ್ಲೇ ದಾರಿ ಮಾಡಿಕೊಂಡು ಇಂಜೆಕ್ಷನ್ ಟ್ರೇ ಹಿಡಿದು ಹೋದೆ. ಹಿರಿಯರು ಹೊದ್ದು ಮಲಗಿದ್ದರು. ಹೆಸರೇನು ಎಂದೆ, ಸರಿಯಾಗಿ ಹೇಳಿದರು. ತೋಳು ಮೇಲೇರಿಸಿ ಎಂದೆ, ಏರಿಸಿದರು. ಸ್ಪಿರಿಟ್ ಹಚ್ಚಿ, ರೋಗಿಯ ಕೈಗೆ ಕಟ್ಟುವ ಹೆಸರಿನ ಪಟ್ಟಿ ನೋಡಲು ಮಣಿಕಟ್ಟು ಹಿಡಿದರೆ ಪಟ್ಟಿಯೇ ಇಲ್ಲ. ಆ ಹೊತ್ತಿಗೆ ನಿಜವಾದ ರೋಗಿ ಕೆಳಗೆ ಚಹಾ ಕುಡಿದು ಬಾಯಿ ಒರೆಸಿಕೊಳ್ಳುತ್ತ ಒಳಗೆ ಬಂದರು. ಮಲಗಿದ್ದವರು ಅವರ ತಮ್ಮ.

ಸಿರಿಂಜನ್ನು ಟ್ರೇಗೆ ವಾಪಸ್ ಹಾಕಿದೆ. ಅಣ್ಣನ ಹೆಸರು ಯಾಕೆ ಹೇಳಿದಿರಿ ಎಂದರೆ, ಯಾರನ್ನು ನೋಡಲು ಬಂದದ್ದು ಎಂದು ಕೇಳುತ್ತಿದ್ದೀರಿ ಅಂದುಕೊಂಡೆ ಎಂದರು. ಹಾಗಾದರೆ ತೋಳು ಏರಿಸಿದ್ದು ಯಾಕೆ?

"ನೋಡಾಕೆ ಬಂದೋರಿಗೂ ಒಂದೊಂದು ಹಾಕ್ತೀರೇನೋ ಅಂದ್ಕೊಂಡೆ. ಪ್ರೀತಿಯಿಂದ ಕೊಡೋವಾಗ ಬ್ಯಾಡ ಅನ್ನೋದು ಹೆಂಗೆ?"

ಸುಸ್ತಾದ ಅಮ್ಮ

ಇಂಥವೆಲ್ಲ ಸೇರಿ ನನ್ನ ದನಿ ಏರುತ್ತ ಹೋಯಿತು. ಬಾಯಿ ಜೋರಿನ ಸಿಸ್ಟರ್ ಎಂದೇ ಹೆಸರಾಯಿತು. ಒಂದು ದಿನ ಮೇಟ್ರನ್ ಕರೆದಾಗ ಬೈಯಲಿಕ್ಕೇ ಇರಬೇಕೆಂದು ಹೋದೆ. ಮುಂದಿನ ತಿಂಗಳಿಂದ ಮಹಿಳಾ ವಾರ್ಡಿಗೆ ನೀನೇ ಇನ್‌ಚಾರ್ಜ್ ಎಂದರು. ಖುಷಿಯಿಂದ ಮನೆಗೆ ಹೋದರೆ, ಹರಿಹರದಲ್ಲೇ ಒಳ್ಳೆಯ ಸಂಬಂಧ ಬಂದಿತ್ತು, ಅದೇ ಷರತ್ತಿನ ಜೊತೆ. ಈ ಸಲ ಅಪ್ಪ ಸಾಗಹಾಕಲಿಲ್ಲ. ಭಾನುವಾರ ಬರಲಿಕ್ಕೆ ಹೇಳಿಬಿಟ್ಟಿದ್ದರು. ಆ ರಾತ್ರಿ ನಾನು ಊಟ ಮಾಡಲಿಲ್ಲ.

ಅದೇ ವಾರ ಸುಸ್ತು ಎಂದು ಒಬ್ಬ ಅಮ್ಮ ನಮ್ಮಲ್ಲಿಗೆ ಬಂದರು. ನೋಡಿದರೆ ಗಟ್ಟಿಮುಟ್ಟಾಗಿದ್ದರು. ಪರೀಕ್ಷೆ ಮಾಡಿದರೆ ಶುಗರ್ ಜಾಸ್ತಿ ಇತ್ತು. ಅದನ್ನು ಕೇಳಿ ನಮಗಿಂತ ಅವರಿಗೇ ಆಘಾತವಾಯಿತು. ಡಾಕ್ಟರ್ ಎರಡು ದಿನ ಇರಿಸಿಕೊಂಡರು. ಅಮ್ಮ ನನ್ನನ್ನೇ ದಿಟ್ಟಿಸುತ್ತಿದ್ದರು, ರೊಟ್ಟಿ ಬಡಿಯಲು ಬರುತ್ತದಾ ಎಂದೂ ಕೇಳಿದರು. ನಾನು ಅವರ ದಿಂಬಿನ ಕೆಳಗಿನ ಬೇಸನ್ ಉಂಡೆ ತೆಗೆದುಕೊಂಡೆ, ಉಪ್ಪಿನಕಾಯಿ ಡಬ್ಬಿಯನ್ನೂ ಬಿಡಲಿಲ್ಲ. ಅವರ ಯಜಮಾನರು ಫ್ಯಾಕ್ಟರಿಯಿಂದ ರಿಟೈರ್ ಆದವರಂತೆ. ಜೇಬಿನಲ್ಲಿ ಜಿಲೇಬಿ ಪೊಟ್ಟಣ ಇಟ್ಟುಕೊಂಡು ಬಂದಾಗ ಅವರಿಗೂ ಬಿಸಿ ಮುಟ್ಟಿಸಿದೆ. ಹೊತ್ತಲ್ಲದ ಹೊತ್ತಿನಲ್ಲಿ ಬಂದ ಮಗನನ್ನು ಬಾಗಿಲಿನಿಂದಲೇ ವಾಪಸ್ ಕಳಿಸಿದೆ.

ಭಾನುವಾರ ಕೇಸರಿಬಾತ್ ತಟ್ಟೆ ಹಿಡಿದು ಹೊರಗೆ ಬಂದೆ. ಕುರ್ಚಿಯಲ್ಲಿ ಅದೇ ಅಮ್ಮ, ಅದೇ ಯಜಮಾನರು, ಅದೇ ಮಗ. ತಟ್ಟೆ ಕೈಯಿಂದ ಜಾರುವುದೊಂದು ಬಾಕಿ. ಹುಡುಗಿ ಹೇಗೆಂದು ಗುಟ್ಟಾಗಿ ನೋಡಲು ಅಮ್ಮ ಸುಸ್ತಿನ ನೆಪ ಹೂಡಿ ಬಂದಿದ್ದರಂತೆ. ಬೈದದ್ದೆಲ್ಲ ನೆನಪಾಗಿ, ಇದು ಮುರಿದುಬಿತ್ತು ಎಂದುಕೊಂಡೆ. ಸುಳ್ಳೇಕೆ, ಒಳಗೊಳಗೆ ಸಮಾಧಾನವೂ ಆಯಿತು.

ಅಮ್ಮ ತಟ್ಟೆಗೆ ಕೈ ಚಾಚಿ, ನನ್ನ ಮುಖ ನೋಡಿ, ಕೈ ಹಿಂದಕ್ಕೆ ತೆಗೆದುಕೊಂಡರು. ಆಮೇಲೆ ಅಪ್ಪನ ಕಡೆ ತಿರುಗಿ, ಹುಡುಗಿ ಒಪ್ಪಿಗೆ ಐತೆ, ಆದರೆ ಆಕೆ ಕೆಲಸ ಮಾತ್ರ ಬಿಡುವುದು ಬ್ಯಾಡ ಎಂದರು. ಅಪ್ಪನ ಕಣ್ಣು ತುಂಬಿ ಬಂತು. ಮಗಳ ಓದಿಗೆ ಬೆಲೆ ಕೊಟ್ಟಿರಿ ಎಂದು ಕೈ ಮುಗಿದರು.

"ಹಂಗೇನಿಲ್ರಿ" ಎಂದರು ಅಮ್ಮ. "ಇಕಿ ಡ್ಯೂಟಿಗೆ ಹೋದ್ರೆ ಅಷ್ಟೊತ್ತಾದ್ರೂ ನಾವು ಮನ್ಯಾಗೆ ಬೇಕಾದ್ದು ತಿನ್ಬಹುದು."

ಯಜಮಾನರು ಮೆಲ್ಲಗೆ ನನ್ನ ಕಡೆ ಬಗ್ಗಿದರು.

"ನಿಮ್ಮಲ್ಲಿ ಓವರ್‌ಟೈಮ್ ಇರ್ತದೇನವ್ವಾ?"