ಯಾರೂ ತಡೆಯಲಿಲ್ಲ

ಕುಡಿದು ಕೆಟ್ಟವರಿಗೆ ಊರಿನವರು ನಾಲ್ಕು ಮಾತು ಬುದ್ಧಿಯಾದರೂ ಹೇಳುತ್ತಾರೆ. ಓದಿ ಕೆಟ್ಟವರಿಗೆ ಆ ಭಾಗ್ಯವೂ ಇಲ್ಲ, ಯಾಕೆಂದರೆ ಓದಿದರೆ ಕೆಡುತ್ತಾರೆ ಎಂಬುದನ್ನೇ ಯಾರೂ ಒಪ್ಪುವುದಿಲ್ಲ. ನನಗೀಗ ಹದಿನೆಂಟು. ಈ ವಯಸ್ಸಿಗೇ ನಾನು ಓದಿ ಕೆಟ್ಟಿದ್ದೇನೆ. ನಮ್ಮಮ್ಮನ ಹತ್ತಿರ ಹೇಳಿಕೊಂಡರೆ ‘ಮಾರ್ಕ್ಸ್ ಕಡಿಮೆ ಬಂತಾ?’ ಎಂದು ಕೇಳುತ್ತಾಳೆ. ಮಾರ್ಕ್ಸ್ ಚೆನ್ನಾಗಿಯೇ ಬಂದಿತ್ತು. ಕೆಟ್ಟಿದ್ದು ಕಾದಂಬರಿಗಳಿಂದ.

ಕಳ್ಳಂಬೆಳ್ಳದ ಹತ್ತಿರ ನಮ್ಮ ಹಳ್ಳಿ. ಪಂಚಾಯ್ತಿ ಗ್ರಂಥಾಲಯ ಎಂದರೆ ಒಂದು ಕೋಣೆ, ಅದರಲ್ಲಿ ಬಾಗಿಲು ಪೂರ್ತಿ ಮುಚ್ಚದ ಒಂದು ಬೀರು. ಅದರಲ್ಲಿದ್ದ ಕಾದಂಬರಿಗಳನ್ನೆಲ್ಲ ನಾನು ಪಿಯುಸಿ ಮುಗಿಯುವಷ್ಟರಲ್ಲಿ ಓದಿ ಮುಗಿಸಿದ್ದೆ. ಎಲ್ಲದರಲ್ಲೂ ನಾಯಕಿ ಮೊದಲ ಅಧ್ಯಾಯದಲ್ಲಿ ಸಿಡಿದೇಳುತ್ತಿದ್ದಳು, ಅಪ್ಪನಿಗೆ ಎದುರು ಮಾತಾಡಿ ಬಾಗಿಲು ದಡಾರನೆ ಹಾಕಿಕೊಂಡು ಹೊರಡುತ್ತಿದ್ದಳು. ನಾನು ಉಸಿರು ಬಿಗಿಹಿಡಿದು ಅವಳ ಹಿಂದೆಯೇ ಹೋಗುತ್ತಿದ್ದೆ. ಕೊನೆಯ ಅಧ್ಯಾಯಕ್ಕೆ ಬಂದರೆ ಅವಳು ವಾಪಸ್ಸು ಬಂದು ಅಪ್ಪನ ಕಾಲು ಹಿಡಿದು, ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಎಲ್ಲರಿಗೂ ಕಾಫಿ ಮಾಡಲು ಒಳಗೆ ಹೋಗುತ್ತಿದ್ದಳು. ಎಷ್ಟು ಪುಸ್ತಕ ಓದಿದರೂ ಕಡೆಗೆ ಕಾಫಿಯೇ ಕುದಿಯುತ್ತಿತ್ತು. ಮೋಸ ಮಾಡದೆ ಉಳಿದದ್ದು ಒಂದೇ ಒಂದು ಪುಸ್ತಕ, ಅದೂ ಅದರ ಕೊನೆಯ ಹಾಳೆಗಳು ಹರಿದುಹೋಗಿದ್ದರಿಂದ. ಅದರಲ್ಲಿ ನಾಯಕಿ ಪರವೂರಿನಲ್ಲಿ ತನ್ನದೇ ಪುಟ್ಟ ಕೋಣೆಯಲ್ಲಿ ತನ್ನದೇ ಒಲೆ ಹಚ್ಚುತ್ತಾಳೆ, ಯಾರೋ ಬಾಗಿಲು ತಟ್ಟುತ್ತಾರೆ, ಅವಳು ಏಳುತ್ತಾಳೆ. ಅಲ್ಲಿಗೆ ಪುಸ್ತಕ ಮುಗಿದಿತ್ತು. ತಟ್ಟಿದವರು ಪಕ್ಕದ ಮನೆಯವರು, ಸಕ್ಕರೆ ಕೇಳಲು ಬಂದಿದ್ದರು, ಕೊಟ್ಟು ಕಳಿಸಿ ಅವಳು ನೆಮ್ಮದಿಯಾಗಿ ಟೀ ಕುಡಿದಳು ಎಂದು ನಾನೇ ತೀರ್ಮಾನ ಮಾಡಿಕೊಂಡೆ. ನನಗೂ ಅಂಥದೊಂದು ಕೋಣೆ ಬೇಕು ಎಂಬ ಹಟ ಅಲ್ಲಿಂದ ಶುರುವಾಯಿತು.

ಡಿಗ್ರಿ ಕಾಲೇಜು ಶಿರಾದಲ್ಲೇ ಇದೆ, ಮನೆಯಿಂದಲೇ ಬಸ್ಸಿನಲ್ಲಿ ಹೋಗಿಬರಬಹುದು. ಅದೇ ಅದರ ದೋಷ. ಕೊರಟಗೆರೆಯಲ್ಲೂ ಇದೆ, ಆದರೆ ಅಲ್ಲಿ ಚಿಕ್ಕಮ್ಮ ಇದ್ದಾರೆ. ಹಾಗಾಗಿ ಮಧುಗಿರಿಯನ್ನು ಆರಿಸಿಕೊಂಡೆ. ಅಪ್ಪ ಒಪ್ಪುವುದಿಲ್ಲ, ಅಮ್ಮ ಅಳುತ್ತಾಳೆ ಎಂದು ಲೆಕ್ಕ ಹಾಕಿ ಒಂದು ಭಾಷಣವನ್ನೇ ಬಾಯಿಪಾಠ ಮಾಡಿದೆ. ಹೆಣ್ಣು ಮಕ್ಕಳ ಹಕ್ಕು, ಕಾಲದ ಬದಲಾವಣೆ ಎಲ್ಲ ಅದರಲ್ಲಿತ್ತು. ಸಂಜೆ ಅಪ್ಪ ಕುರಿಗಳನ್ನು ರೊಪ್ಪಕ್ಕೆ ಕೂಡುತ್ತಿದ್ದಾಗ ಹೋಗಿ, ಗಂಟಲು ಸರಿಮಾಡಿಕೊಂಡು ಪ್ರಾರಂಭಿಸಿದೆ.

“ಅಪ್ಪ, ನಾನು ಮಧುಗಿರೀಲಿ ರೂಮು ಮಾಡ್ಕೊಂಡು ಸ್ವತಂತ್ರವಾಗಿ ಇರ್ಬೇಕು.”

“ಇರವ್ವ,” ಎಂದ ಅಪ್ಪ. “ಆ ಹಗ್ಗ ಇತ್ತ ಕೊಡು.”

ಹಗ್ಗ ಕೊಟ್ಟೆ. ಉಳಿದ ಭಾಷಣ ಗಂಟಲಲ್ಲೇ ಉಳಿಯಿತು. ಶಿರಾದ ಗಾರ್ಮೆಂಟ್ಸಿಗೆ ಬೆಳಗ್ಗೆ ವ್ಯಾನು ಹತ್ತಿ ಹೋಗುವ ಅಮ್ಮನಾದರೂ ಅತ್ತಾಳು ಎಂದುಕೊಂಡೆ. “ಹೋಗ್ಲಿ ಬುಡು,” ಎಂದಳು ಅವಳು, “ಬೆಳಗ್ಗೆ ಎದ್ದು ಒಂದು ಡಬ್ಬಿ ಕಟ್ಟೋದಾರಾ ತಪ್ತದೆ.” ಬಾಗಿಲು ದಡಾರನೆ ಹಾಕಬೇಕೆಂದರೆ ಒಳಗಿರುವವರು ಸ್ವಲ್ಪವಾದರೂ ತಡೆಯಬೇಕು. ನನಗೆ ಎಲ್ಲರೂ ಸೇರಿ ಬಾಗಿಲು ತೆಗೆದು ಹಿಡಿದುಕೊಂಡಿದ್ದರು.

ಅಪ್ಪನೇ ಜೊತೆಗೆ ಬಂದ. ಬಕೆಟ್ಟು, ಒಲೆ, ರಾಗಿಹಿಟ್ಟು ಎಲ್ಲವನ್ನೂ ಅವನೇ ಹೊತ್ತ. ಮಧುಗಿರಿಯ ಬೆಟ್ಟವನ್ನು ಬುಡದಿಂದ ತುದಿವರೆಗೂ ನೋಡಿ, “ಇಷ್ಟು ದೊಡ್ಡದಾಗೈತೆ, ಒಂದು ಕುರಿ ಮೇಯಕ್ಕೆ ಹುಲ್ಲಿಲ್ಲವಲ್ಲ,” ಎಂದು ನಿಟ್ಟುಸಿರು ಬಿಟ್ಟ. ರೂಮಿನ ಚಿಲಕವನ್ನು ಹಾಕಿ ತೆಗೆದು, ಮತ್ತೆ ಹಾಕಿ ತೆಗೆದು ನೋಡಿದ. ಬೀದಿಯ ತಿರುವಿನಲ್ಲಿ ಒಮ್ಮೆ ಹಿಂತಿರುಗಿ ನೋಡುತ್ತಾನೆ ಎಂದು ನಾನು ಮುಖವನ್ನು ಗಂಭೀರ ಮಾಡಿಕೊಂಡು ನಿಂತಿದ್ದೆ. ಅಷ್ಟರಲ್ಲಿ ಬಸ್ಸಿನ ಹಾರ್ನು ಕೇಳಿಸಿತು. ಪಂಚೆ ಎತ್ತಿಕಟ್ಟಿ ಓಡಿಹೋದ.

ರೂಮಿನಲ್ಲಿ ಜೊತೆಗಿದ್ದವಳು ಪಾವಗಡದ ಕಡೆಯ ನಾಗಮಣಿ. ನನ್ನದೇ ತರಗತಿ. ಅವಳ ಮಾತಿನಲ್ಲಿ ಅರ್ಧ ತೆಲುಗು, ಕೈಯಲ್ಲಿ ಪೂರ್ತಿ ಕೆಲಸ. ಸ್ವಾತಂತ್ರ್ಯ ಬಂದಮೇಲೆ ಏನು ಮಾಡಬೇಕೆಂದು ಯಾವ ಕಾದಂಬರಿಯೂ ಹೇಳಿರಲಿಲ್ಲವಾದ್ದರಿಂದ ಬಸ್ ಸ್ಟ್ಯಾಂಡಿನಲ್ಲಿ ಮಾರುವ, ಗೆಲ್ಲುವುದು ಹೇಗೆ ಎನ್ನುವ ಬಗೆಯ ಒಂದು ಪುಸ್ತಕ ತಂದೆ. ಬೆಳಗ್ಗೆ ಕನ್ನಡಿ ನೋಡಿಕೊಂಡು ‘ನನಗೆ ನಾನೇ ಸಾಕು’ ಎಂದು ಹೇಳಿಕೊಳ್ಳಬೇಕು ಎಂದಿತ್ತು. ನಮ್ಮ ಕನ್ನಡಿಯನ್ನು ಯಾರೋ ಎತ್ತರದವರು ಮೊಳೆ ಹೊಡೆದು ತೂಗುಹಾಕಿದ್ದರು. ನನಗೆ ಹಣೆ ಮಾತ್ರ ಕಾಣುತ್ತಿತ್ತು. ಹಣೆಗೇ ಹೇಳಿದೆ.

“ಏಮೇ, ಅದ್ದಕ್ಕೆ ಏನು ಚೆಪ್ತಾ ಇದ್ದೀಯ?” ಎಂದಳು ನಾಗಮಣಿ ಕನ್ನಡಿ ತೋರಿಸಿ. “ಅನ್ನ ಅಡಿ ಹಿಡೀತಾ ಐತೆ, ಅದಕ್ಕೆ ಚೆಪ್ಪು.”

ಮಧುಗಿರಿಯ ಗ್ರಂಥಾಲಯದಲ್ಲಿ ಒಂದು ದಿನ ನನ್ನ ಆ ಹರಿದ ಪುಸ್ತಕದ ಪೂರ್ತಿ ಪ್ರತಿ ಸಿಕ್ಕಿತು. ನಿಂತುಕೊಂಡೇ ಕೊನೆಯ ಹಾಳೆಗಳನ್ನು ಓದಿದೆ. ಬಾಗಿಲು ತಟ್ಟಿದ್ದು ಅಪ್ಪ. ನಾಯಕಿಗೆ ಜ್ವರ. ‘ಮನೆಗೆ ಬಾ ಮಗಳೇ’ ಎನ್ನುತ್ತಾನೆ, ಅವಳು ಅವನ ಎದೆಗೊರಗಿ ಅಳುತ್ತಾಳೆ, ಗಂಟು ಕಟ್ಟುತ್ತಾಳೆ. ಕಡೆಯ ಪುಟದಲ್ಲಿ ಕಾಫಿ ಕೂಡ ಇತ್ತು. ಸತ್ತವರ ಮನೆಯಿಂದ ಬಂದವಳ ಹಾಗೆ ರೂಮಿಗೆ ಬಂದು ತಲೆಗೆ ನೀರು ಹಾಕಿಕೊಂಡೆ. ಆ ತಣ್ಣೀರಿಗೋ ದುಃಖಕ್ಕೋ, ಮಾರನೆಯ ದಿನದಿಂದ ನನಗೇ ಜ್ವರ ಹಿಡಿಯಿತು.

ಊರಿಗೆ ಹೇಳಕೂಡದು ಎಂದು ನಾಗಮಣಿಯಿಂದ ಆಣೆ ಮಾಡಿಸಿಕೊಂಡೆ. ಅವಳು ಆಣೆ ಮಾಡಿದಳು, ಆಮೇಲೆ ಹೊರಗೆ ಹೋಗಿ ಅಪ್ಪನಿಗೆ ಫೋನು ಮಾಡಿದಳು. ನನಗೆ ಕೋಪ ಬರಬೇಕಿತ್ತು. ಬರಲಿಲ್ಲ. ಮಲಗಿದ್ದಲ್ಲಿಂದಲೇ ಬಾಗಿಲನ್ನು ನೋಡುತ್ತಾ ಬಿದ್ದುಕೊಂಡೆ. ಮಧ್ಯಾಹ್ನ ಯಾರೋ ತಟ್ಟಿದರು. ಎದ್ದು ಕೂತು ಕೂದಲು ಸರಿಮಾಡಿಕೊಂಡೆ. ಮನೆ ಮಾಲೀಕರ ಹೆಂಡತಿ. “ನೀರು ಬಂದೈತೆ, ಹಿಡ್ಕಳ್ರಿ,” ಎಂದು ಹೇಳಿ ಹೋದರು. ಅಪ್ಪ ಬರಲೇ ಇಲ್ಲ. ಕುರಿಗಳಿಗೆ ಸೂಜಿ ಹಾಕುವವರು ಬಂದಿದ್ದಾರಂತೆ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗು ಎಂದನಂತೆ. ನಾಗಮಣಿಯೇ ಕರೆದುಕೊಂಡು ಹೋದಳು. ಅಪ್ಪ ಬಂದನೆಂದು ನಾನು ಪುಸ್ತಕವನ್ನು ಬೈದಿದ್ದೆ. ಈಗ ಅಪ್ಪ ಬರಲಿಲ್ಲವೆಂದು ಗೋಡೆ ಕಡೆ ತಿರುಗಿಕೊಂಡು ಅಳುತ್ತಿದ್ದೆ. “ಪೋನೀಲೇ,” ಎಂದಳು ನಾಗಮಣಿ ಗಂಜಿ ಆರಿಸುತ್ತಾ. ಯಾವುದನ್ನು ‘ಹೋಗಲಿ ಬಿಡು’ ಎನ್ನುತ್ತಿದ್ದಾಳೆಂದು ಅವಳಿಗೂ ತಿಳಿದಿರಲಿಲ್ಲ.

ರಜೆಗೆ ಊರಿಗೆ ಹೋದೆ. ನಾನು ಮಲಗುತ್ತಿದ್ದ ಜಾಗದಲ್ಲಿ ಕಡಲೆಕಾಯಿ ಚೀಲಗಳು ಗೋಡೆವರೆಗೂ ಒರಗಿದ್ದವು. ಅಮ್ಮ ನೆಂಟರಿಗೆ ಕೊಡುವ ಹೊಳೆಯುವ ಲೋಟದಲ್ಲಿ ನೀರು ತಂದುಕೊಟ್ಟು, “ಯಾವಾಗ ಹೊರಡ್ತೀಯ?” ಎಂದಳು. ಓಡಿಸಲಿಕ್ಕಲ್ಲ, ಕೋಳಿ ಯಾವತ್ತು ಕುಯ್ಯಬೇಕೆಂದು ತಿಳಿಯಲಿಕ್ಕೆ. ಆದರೂ ಲೋಟವನ್ನು ಹಾಗೇ ಕೆಳಗಿಟ್ಟೆ. ಅಪ್ಪ ಜಗುಲಿಯ ಮೇಲೆ ಹಗ್ಗ ಹೊಸೆಯುತ್ತಿದ್ದ. ಹೋಗಿ ಪಕ್ಕದಲ್ಲಿ ಕೂತೆ.

“ಜ್ವರ ಬಂದಾಗ ಯಾಕೆ ಬರ್ಲಿಲ್ಲ?”

“ಸೂಜಿಯೋರು ಬಂದಿದ್ರು.”

“ಮಾರ್ನೆ ದಿನ ಸೂಜಿ ಇರ್ಲಿಲ್ವಲ್ಲ.”

ಅಪ್ಪ ಹಗ್ಗದ ಹುರಿ ಬಿಗಿ ಮಾಡಿದ. “ಬಂದಿದ್ರೆ ನೀನು ನನ್ನ ಹಿಂದೇನೇ ಬಂದ್ಬುಡ್ತಿದ್ದೆ ಕಣವ್ವ.”

“ಬರ್ತಿರ್ಲಿಲ್ಲ.”

“ಬರ್ತಿದ್ದೆ.” ಹಗ್ಗದ ತುದಿಗೆ ಗಂಟು ಹಾಕಿದ. “ಆಮ್ಯಾಕೆ ನಾನೂ ವಾಪಸ್ ಕಳಿಸ್ತಿರ್ಲಿಲ್ಲ.”

ಚೀಲಗಳ ಪಕ್ಕದಲ್ಲಿ ಚಾಪೆ ಹಾಸಿಕೊಂಡು ರಜೆ ಕಳೆದೆ, ಕೋಳಿ ತಿಂದೆ, ಹೊರಟೆ.

ಶಿರಾದಲ್ಲಿ ಮಧುಗಿರಿ ಬಸ್ಸು ಹತ್ತಿದಾಗ ಮಳೆ ಹನಿಯುತ್ತಿತ್ತು. ಪಕ್ಕದಲ್ಲಿ ಒಬ್ಬ ಅಜ್ಜಿ, ಮಡಿಲಲ್ಲಿ ಹುಣಸೆಹಣ್ಣಿನ ಗಂಟು. ಊರು ದಾಟುವವರೆಗೂ ನನ್ನನ್ನೇ ನೋಡುತ್ತಿದ್ದು, ಆಮೇಲೆ ಮೆಲ್ಲಗೆ ಕೇಳಿತು: “ಯಾಕವ್ವ ಅಳ್ತೀಯ, ಗಂಡನ ಮನೆಗೆ ಹೊಂಟ್ಯಾ?”

“ಇಲ್ಲಜ್ಜಿ. ರೂಮಿಗೆ.”

“ರೂಮ್ಗೆ ಹೋಗಕ್ಕೂ ಅಳ್ತಾರಾ?”

ಸ್ವತಂತ್ರವಾಗಿ ಬದುಕುತ್ತಿರುವ ಹೆಣ್ಣಿಗೆ ಮರ್ಯಾದೆ ಎಂಬುದೊಂದಿರುತ್ತದೆ. “ಅಳ್ತಾ ಇಲ್ಲ, ಕಣ್ಣಿಗೆ ಧೂಳು ಬಿತ್ತು,” ಎಂದೆ.

ಅಜ್ಜಿ ಮುಚ್ಚಿದ್ದ ಕಿಟಕಿಯನ್ನೂ ಗಾಜಿನ ಮೇಲೆ ಇಳಿಯುತ್ತಿದ್ದ ಮಳೆಯನ್ನೂ ಒಂದು ಸಲ ನೋಡಿತು. ನನ್ನ ತಲೆಯನ್ನು ತನ್ನ ಹೆಗಲಿಗೆ ಒತ್ತಿಕೊಂಡು, “ನಾನು ಹೊಂಟಾಗ್ಲೂ ಭಾಳ ಧೂಳಿತ್ತು ಕಣವ್ವ,” ಎಂದಿತು. ನನಗೆ ನಾನೇ ಸಾಕು ಎಂದು ದಿನಾ ಹಣೆಗೆ ಹೇಳಿಕೊಳ್ಳುವ ನಾನು, ಹೆಸರೂ ಗೊತ್ತಿಲ್ಲದ ಆ ಹೆಗಲಿನ ಮೇಲೆ ಮಧುಗಿರಿ ಬರುವವರೆಗೂ ನಿದ್ದೆ ಮಾಡಿದೆ.