ಉಪ್ಪುಂಡ ಮತದಾರರು

ಚುನಾವಣೆಯಲ್ಲಿ ಸೋಲುವುದಕ್ಕೂ ಯೋಗ್ಯತೆ ಬೇಕು ಎನ್ನುವುದಾದರೆ, ಎಂಬತ್ತರ ದಶಕದಲ್ಲಿ ಅಮೆರಿಕದ ಲಿವರ್‌ಮೋರ್ ಎಂಬ ಊರಿನಲ್ಲಿ ನಮ್ಮ ಕಾಕಾರಷ್ಟು ಯೋಗ್ಯರು ಇನ್ನೊಬ್ಬರಿರಲಿಲ್ಲ! ಧಾರವಾಡದಿಂದ ಹೋಗಿ ಅಮೆರಿಕದ ಪ್ರಜೆಯಾದ ಮರುವರ್ಷವೇ ನಗರಸಭೆಗೆ ನಿಂತರು. ಅವರ ಪ್ರಣಾಳಿಕೆಯಲ್ಲಿ ಇದ್ದದ್ದು ಒಂದೇ ಮಾತು: ನಮ್ಮ ಬೀದಿಗೆ ಬಸ್ಸು ಬರಬೇಕು.

ಕಾರಿಲ್ಲದೆ ಹಾಲೂ ಸಿಗದ ಊರು ಅದು. ಹೆಂಡತಿಗೆ, ಅಂದರೆ ನಮ್ಮ ಕಾಕುಗೆ, ಡ್ರೈವಿಂಗು ಕಲಿಸಲು ಹೋಗಿ ಕಾಕಾ ಫ್ರೀವೇ ಮೇಲೆ ಕೂಗಾಡಿದ ರೀತಿಗೆ, ಅವಳು ಸ್ಟಿಯರಿಂಗು ಮುಟ್ಟುವುದನ್ನೇ ಬಿಟ್ಟಿದ್ದಳು. ಕಾಕಾ ಆಫೀಸಿನಿಂದ ಬರುವವರೆಗೆ ಕಿಟಕಿಯೇ ಅವಳ ಪೇಟೆ.

ಉಪ್ಪುಂಡವರು ಎರಡು ಬಗೆಯುವುದಿಲ್ಲ ಎಂಬುದೇ ಕಾಕಾರ ರಾಜಕೀಯಶಾಸ್ತ್ರ. ಭಾಷಣ ಯಾಕೆ? ಬೀದಿಯವರನ್ನೆಲ್ಲ ಕರೆದು ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಬಡಿಸಿದರು. ಜನ ಕಣ್ಣೀರು ಸುರಿಸುತ್ತ ಉಂಡರು (ಖಾರಕ್ಕೆ, ಭಕ್ತಿಗಲ್ಲ!), ಮತ್ತೆ ಹಾಕಿಸಿಕೊಂಡರು, ಮತವನ್ನು ಮಾತ್ರ ಬೇರೆಯವರಿಗೆ ಹಾಕಿದರು.

ಇನ್ನಾದರೂ ಸುಮ್ಮನಿರಿ ಎಂದಳು ಕಾಕು. ಸುಮ್ಮನಿರುವ ಪೈಕಿಯೇ ಅವರು? ಊರಿನವರಿಗೆ ತಿಳಿವಳಿಕೆ ಸಾಲದೆಂದು ರಾಜ್ಯದ ವಿಧಾನಸಭೆಗೇ ನಿಂತುಬಿಟ್ಟರು! ಈ ಸಲ ಹೋಳಿಗೆ. ಹೋಳಿಗೆ ಖಾಲಿಯಾಯಿತು, ಮತಪೆಟ್ಟಿಗೆ ತುಂಬಲಿಲ್ಲ.

ಆಗ ಓದಲು ಹೋಗಿ ಅವರ ಮನೆಯಲ್ಲೇ ಇದ್ದ ನಾನು, ಇವರಿಗೆಲ್ಲ ಉಣಿಸಿದ್ದು ದಂಡ ಎಂದೆ. ಕಾಕಾ ಗುರಾಯಿಸಿದರು.

"ಅವರು ಉಪ್ಪು ಮರತರು ಅಂತ ನಾ ಉಣಿಸೂದು ಮರೀಲೇನು? ಬಸ್ ಬರೂ ತನಕಾ ಬಿಡಾಂವಲ್ಲ ನಾ."

ಸೋತ ಮುಖದಲ್ಲೇ ನಗರಸಭೆಯ ಮೀಟಿಂಗಿಗೆ ಹೋಗಿ, ಸಾರ್ವಜನಿಕರ ಸರದಿಯಲ್ಲಿ ಮೈಕು ಹಿಡಿದರು. ಅಧ್ಯಕ್ಷರು ಗಡಿಯಾರ ನೋಡಿಕೊಂಡರು. ಅಷ್ಟರಲ್ಲಿ ಹಿಂದೆ ಕುರ್ಚಿಗಳ ಸದ್ದು. ತಿರುಗಿ ನೋಡಿದರೆ ನಮ್ಮ ಬೀದಿಗೆ ಬೀದಿಯೇ ಎದ್ದು ನಿಂತಿದೆ! ಪಕ್ಕದ ಮನೆಯ ಅಮೆರಿಕನ್ ಅಜ್ಜಿ ಮೈಕು ಕಸಿದುಕೊಂಡು ಹೇಳಿದ್ದಿಷ್ಟು: ಇವರಿಗೆ ಎರಡು ಸಲವೂ ನಾನು ಮತ ಹಾಕಿಲ್ಲ, ಮುಂದೆಯೂ ಹಾಕುವುದಿಲ್ಲ, ಆದರೆ ಇವರ ಹೆಂಡತಿಯ ಕೈಯಡುಗೆ ಉಂಡಿದ್ದೇನೆ, ಬಸ್ಸು ಕೊಡಿ.

ಕೆಲವು ತಿಂಗಳಲ್ಲಿ ಬಸ್ಸು ಬಂತು. ಮೊದಲ ದಿನ ಕಾಕಾ ರಜೆ ಹಾಕಿ, ಕೋಟು ತೊಟ್ಟು, ಮಂತ್ರಿಯ ಗತ್ತಿನಲ್ಲಿ ಸ್ಟಾಪಿಗೆ ಬಂದರು. ಕಾಕು ಹತ್ತಿ ಪಕ್ಕದ ಸೀಟಿನ ಮೇಲೆ ಚೀಲವಿಟ್ಟು ಜಾಗ ಹಿಡಿದಳು. ಕಾಕಾ ಹತ್ತಲಿಲ್ಲ.

"ನೀವು ಬರೂದಿಲ್ಲೇನ್ರಿ?" ಎಂದಳು.

"ನೀ ಒಬ್ಬಾಕಿನ ಹೋಗು. ನಿನಗ ಎಲ್ಲಿ ಬೇಕು ಅಲ್ಲಿ ಇಳಿ."

ಬಸ್ಸು ತಿರುವಿನಲ್ಲಿ ಮರೆಯಾಯಿತು. ಕಾಕಾ ಕದಲಲಿಲ್ಲ. ಬಿಸಿಲು ಏರುತ್ತಿತ್ತು, ಮನೆಗೆ ಹೋಗೋಣ ಎಂದು ಕೋಟಿನ ತೋಳು ಹಿಡಿದು ಎಳೆದೆ. ಯಾರೆದುರೂ ತಗ್ಗದ ಆ ದನಿ ಅವತ್ತು ತಗ್ಗಿತ್ತು.

"ಇಷ್ಟು ವರ್ಷ ಅಕಿ ನನ್ನ ದಾರಿ ಕಾದಾಳ. ಇವತ್ತೊಂದಿನ ನಾ ಕಾಯ್ತೇನಿ."