ಪರದೆಯ ಮೀನು ಏಳು ಸಲ ಹಾರಿದ್ದು

ಹಣೆಗೆ ಕಟ್ಟುವ ಆ ಪಟ್ಟಿ ತಲೆಯೊಳಗಿನದನ್ನೆಲ್ಲ ಓದಿಬಿಟ್ಟರೆ ಗತಿಯೇನು ಎಂದು ರಬಾಬ್ ಬೆಳಿಗ್ಗೆಯೇ ಡೈರಿಯಲ್ಲಿ ಬರೆದುಕೊಂಡಿದ್ದಳು. ಬರೆದು, ಅನೀಸ್ ಎಂಬ ಹೆಸರು ಬಂದಲ್ಲೆಲ್ಲ ಗೀಚಿ ಹಾಕಿದ್ದಳು. ಅನೀಸ್ ಅವಳ ಚಿಕ್ಕಪ್ಪನ ಮಗಳು ದೋರ್ರಾಳನ್ನು ಮದುವೆಯಾಗಲಿರುವವನು. ಅವರಿಬ್ಬರಿಗೆ ಪರಿಚಯ ಮಾಡಿಸಿದ್ದು ರಬಾಬಳೇ. ಆ ದಿನ ತನ್ನ ನಾಲಿಗೆ ಬಿದ್ದುಹೋಗಬಾರದಿತ್ತೇ ಎಂದು ಅವಳಿಗೆ ಈಗಲೂ ಅನ್ನಿಸುತ್ತದೆ.

ಅನೀಸನ ಮನೆತನದಲ್ಲಿ ಮದುಮಗಳು ಮದುವೆಗೆ ಮೊದಲೇ ನೆಲದ ಮೇಲಿಟ್ಟ ಹಸಿ ಮೀನನ್ನು ಏಳು ಸಲ ದಾಟಬೇಕು, ಹೊಟ್ಟೆಕಿಚ್ಚಿನವರ ಕಣ್ಣು ತಾಗದಿರಲೆಂದು. ರೇಷ್ಮೆ ಉಡುಪಿಗೆ ವಾಸನೆ ಹತ್ತೀತೆಂದು ದೋರ್ರಾ ವಿಡಿಯೋ ಆಟದ ಅಂಗಡಿಯಿಂದ ಒಂದು ಪರದೆ, ಮಿದುಳಿನ ಅಲೆ ಓದುವ ಒಂದು ಪಟ್ಟಿ ತರಿಸಿದಳು. ಪಟ್ಟಿ ಕಟ್ಟಿಕೊಂಡು ಮನಸ್ಸನ್ನು ಒಂದೇ ಕಡೆ ನಿಲ್ಲಿಸಿದರೆ ಪರದೆಯ ಮೀನು ಹಾರುತ್ತದೆ. ಅದು ಏಳು ಸಲ ಹಾರಿದರೆ ದಾಟಿದಂತೆಯೇ ಎಂದು ಭಾವೀ ಅತ್ತೆ ಮನ್ನೂಬಿಯಾ ಹೇಗೋ ಒಪ್ಪಿದ್ದರು.

ದೋರ್ರಾ ಕೂತಳು. ಮೀನು ಭರ್ಜರಿ ಊಟವಾದ ಮಾವನಂತೆ ತಳದಲ್ಲಿ ಮಲಗಿಬಿಟ್ಟಿತು. ಅವಳ ಮನಸ್ಸು ಫೋನಿಗೆ, ಕನ್ನಡಿಗೆ, ಮತ್ತೆ ಫೋನಿಗೆ ಓಡುತ್ತಿತ್ತು. ಅರ್ಧ ಗಂಟೆಯಾದರೂ ಮೀನು ಮಿಸುಕಲಿಲ್ಲ.

"ಮೀನೇ ಏಳದ ಮೇಲೆ ಮದುವೆ ಎಲ್ಲಿ ಎದ್ದೀತು?" ಎಂದರು ಮನ್ನೂಬಿಯಾ. "ಮುಂದಿನ ವರ್ಷ ನೋಡೋಣ."

ಮೂಲೆಯಲ್ಲಿದ್ದ ರಬಾಬಳ ಎದೆಯೊಳಗೆ ಖುಷಿಯ ಡೋಲು ಬಾರಿಸಿದಂತಾಯಿತು. ನಾಚಿಕೆಯಾಗಿ, ಎಲ್ಲರಿಗೂ ಎರಡೆರಡು ಸಲ ಬಕ್ಲಾವ ಸಿಹಿ ಹಂಚಿದಳು.

ಆದರೆ ನೆರೆಮನೆಯ ಝ್ಬೈದಾ ಸುಮ್ಮನಿರುವವಳಲ್ಲ. ತಾನೇ ಪಟ್ಟಿ ಕಟ್ಟಿಕೊಂಡು ಕೂತಳು. ಒಲೆಯ ಮೇಲಿಟ್ಟ ಕುಸ್‌ಕುಸ್ ನೆನಪಾಗಿ, ಎದ್ದ ಮೀನು ಮತ್ತೆ ಬಿದ್ದುಕೊಂಡಿತು. ಆಗ ಅವಳ ಕಣ್ಣು ಮೂಲೆಗೆ ಹೋಯಿತು.

"ಆ ಮೂಕೀನ ಕೂರಿಸ್ರೇ. ಒಂದೇ ರಕ್ತ, ಅಕ್ಕ ಹಾರಿಸಿದ್ರೇನು, ತಂಗಿ ಹಾರಿಸಿದ್ರೇನು? ಬಾಯೇ ಬಿಡದವಳ ತಲೇಲಿ ಗಲಾಟೆ ಏನಿರುತ್ತೆ?"

ಬೇಡ ಬೇಡವೆಂದರೂ ಕಟ್ಟಿದರು. ಮೀನು ಏಳದಿದ್ದರೆ ಮದುವೆ ಇಲ್ಲ. ಮನಸ್ಸನ್ನು ಒಂದೇ ಕಡೆ ನಿಲ್ಲಿಸದಿದ್ದರೆ ಸರಿ. ರಬಾಬ್ ಬಸ್ ನಂಬರುಗಳನ್ನು ನೆನೆದಳು. ನಾಲ್ಕನೇ ನಂಬರಿನ ಬಸ್ಸಲ್ಲೇ ಅನೀಸ್ ಬರುತ್ತಿದ್ದದ್ದು. ಟೊಮೇಟೊ ನೆನೆದಳು. ಅನೀಸನಿಗೆ ಟೊಮೇಟೊ ಆಗದು. ಅವನು ನಗುವಾಗ ಮುಚ್ಚಿಕೊಳ್ಳುವ ಎಡಗಣ್ಣು. ಅದನ್ನು ಇನ್ನು ದಿನಾ ದೋರ್ರಾ ನೋಡುತ್ತಾಳೆ.

ಮೀನು ಬಿಸಿ ಬಾಣಲೆಗೆ ಬಿದ್ದಂತೆ ಹಾರಿತು. ಒಂದಲ್ಲ, ಎರಡಲ್ಲ, ಏಳು ಸಲ.

ಹೆಂಗಸರು ನಾಲಿಗೆಯಾಡಿಸಿ ಹಾಕಿದ ಹರ್ಷದ ಉಲುಲು ಕೂಗು ಬೀದಿಗೆಲ್ಲ ಕೇಳಿಸಿತು. ಎಂಥ ನಿರ್ಮಲ ಮನಸ್ಸು ಎಂದು ಮನ್ನೂಬಿಯಾ ರಬಾಬಳ ಎರಡೂ ಕೆನ್ನೆಗೆ ಮುತ್ತಿಟ್ಟು, ಗುರುವಾರವೇ ಮದುವೆಯೆಂದು ಸಾರಿದರು.

ದೋರ್ರಾ ಕಣ್ಣೊರೆಸಿಕೊಳ್ಳುತ್ತ ಅವಳನ್ನು ತಬ್ಬಿಕೊಂಡಳು. "ನನ್ನ ಮದುವೆ ಉಳಿಸ್ದೆ ಕಣೇ. ಅಷ್ಟು ಗಟ್ಟಿಯಾಗಿ ಏನು ನೆನೆಸ್ಕೊಂಡೆ ಹೇಳು. ಮದುವೆ ದಿನ ಅತ್ತೆ ಇನ್ನೊಂದ್ಸಲ ಹಾರಿಸು ಅಂದ್ರೆ, ನಾನೂ ಅದನ್ನೇ ನೆನೆಸ್ಕೋತೀನಿ."

ಉಲುಲು ಆಗಷ್ಟೇ ನಿಂತು, ಮಾತು ಎಲ್ಲರಿಗೂ ಕೇಳುವಂತಾದದ್ದು ರಬಾಬಳಿಗೆ ಗೊತ್ತಾಗಲಿಲ್ಲ.

"ಅನೀಸನ್ನ," ಎಂದಳು.